ಚೀನೀ ಉಡುಗೊರೆ ಚಹಾ ಸೆಟ್: ಕೊಡುವವರ ಕಣ್ಣಿಗೆ ಚೆಂದ, ಕುಡಿಯುವವರ ಕೈಗೆ ಹೇಗೆ?

ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಮೊದಲು ಸಿಗುವುದು ಹಳದಿ ಸ್ಯಾಟಿನ್ ಬಟ್ಟೆ. ಅದರಡಿ ಗಟ್ಟಿ ಸ್ಪಂಜು, ಸ್ಪಂಜಿನಲ್ಲಿ ಅಳತೆಗೆ ಕೊರೆದ ಗುಳಿಗಳು. ಒಂದೊಂದು ಗುಳಿಯಲ್ಲಿ ಒಂದೊಂದು ಸಾಮಾನು: ಮುಚ್ಚಳವಿರುವ ಪಿಂಗಾಣಿ ಬಟ್ಟಲು, ಗಾಜಿನ ಸಣ್ಣ ಜಗ್ಗು, ಆರು ಪುಟಾಣಿ ಕಪ್ಪು, ಜಾಲರಿ, ಮರದ ಸಲಕರಣೆಗಳ ಗೊಂಚಲು, ಮಣ್ಣಿನ ಮೂರು ಕಾಲಿನ ಕಪ್ಪೆ, ಎರಡೋ ನಾಲ್ಕೋ ತಗಡಿನ ಡಬ್ಬಿ ಚಹಾ. ತಳದಲ್ಲಿ ಬಿದಿರಿನ ತಟ್ಟೆ. ಎಲ್ಲದರ ಮೇಲೆ ನುಣುಪು ಕಾಗದದ ಕರಪತ್ರ, ಸಾವಿರಾರು ವರ್ಷಗಳ ಚಹಾ ಸಂಸ್ಕೃತಿ ಎಂದು ಶುರುವಾಗುವಂಥದ್ದು.

ಚೀನಾಕ್ಕೆ ಹೋಗಿಬಂದ ನಿಯೋಗದವರು, ವಿಶ್ವವಿದ್ಯಾಲಯದ ಮೇಷ್ಟ್ರುಗಳು, ಅಲ್ಲಿನ ಕಾರ್ಖಾನೆಗಳ ಜೊತೆ ವ್ಯವಹಾರ ಇಟ್ಟುಕೊಂಡವರು ಇಂಥದ್ದೊಂದನ್ನು ಹೊತ್ತು ತಂದಿರುತ್ತಾರೆ. ಬಹಳಷ್ಟು ಷೋಕೇಸಿಗೆ ಹೋಗುತ್ತವೆ, ಒಲೆಯ ಹತ್ತಿರ ಬರುವುದು ಅಪರೂಪ. ಇಲ್ಲಿ ಒಂದು ಕಂಪನಿಯ ಮಾಲನ್ನು ಹಿಡಿದು ವಿಮರ್ಶಿಸುತ್ತಿಲ್ಲ. ಪೆಟ್ಟಿಗೆಯ ಮೇಲಿನ ಹೆಸರು ಬೇರೆಯಾದರೂ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಯಾವ ತುಂಡು ಕೆಲಸಕ್ಕೆ ಬರುತ್ತದೆ, ಯಾವುದು ಬರೀ ಅಲಂಕಾರ, ಎಲ್ಲಿ ಬೆರಳು ಸುಡುತ್ತದೆ, ಯಾಕೆ ಸುಡುತ್ತದೆ ಎಂಬುದಷ್ಟೇ ಲೆಕ್ಕ.

ಈ ಪೆಟ್ಟಿಗೆ ಹೀಗೇಕಿದೆ ಎಂದು ತಿಳಿಯಲು ಇದನ್ನು ಯಾರಿಗಾಗಿ ಮಾಡಿದ್ದು ಎಂದು ನೋಡಬೇಕು. ಚಹಾ ಈಗ ಚೀನಾ ಸರ್ಕಾರದ ಅಧಿಕೃತ ಮುಖಗಳಲ್ಲಿ ಒಂದು. 2014ರ ಏಪ್ರಿಲ್ 1ರಂದು ಬೆಲ್ಜಿಯಮ್ಮಿನ ಬ್ರೂಜ್ ಪಟ್ಟಣದಲ್ಲಿ ಮಾತಾಡಿದ ಷೀ ಜಿನ್‌ಪಿಂಗ್, ಚೀನೀಯರ ಚಹಾ ಪ್ರೀತಿಯನ್ನೂ ಬೆಲ್ಜಿಯನ್ನರ ಬಿಯರ್ ಪ್ರೀತಿಯನ್ನೂ ಬದುಕನ್ನು ಕಾಣುವ ಎರಡು ಬಗೆಗಳೆಂದು ಹೋಲಿಸಿದ್ದರು. 2017ರ ನವೆಂಬರಿನಲ್ಲಿ ಟ್ರಂಪ್ ದಂಪತಿ ಬಂದಿಳಿದಾಗ ಬೀಜಿಂಗಿನ ಹಳೆಯ ಅರಮನೆಯಲ್ಲಿ ಮೊದಲ ಉಪಚಾರ ಚಹಾದ್ದೇ. 2018ರ ಏಪ್ರಿಲಿನಲ್ಲಿ ವುಹಾನ್‌ನ ಪೂರ್ವ ಸರೋವರದ ದಡದಲ್ಲಿ ನರೇಂದ್ರ ಮೋದಿಯವರಿಗೂ ಚಹಾ ಆಯಿತು. ಮರುವರ್ಷ ಅಕ್ಟೋಬರಿನಲ್ಲಿ ಷೀ ನಮ್ಮ ಮಾಮಲ್ಲಪುರಕ್ಕೆ ಬರುವ ಸರದಿ ಬಂದಾಗ ನಮ್ಮವರು ಎಳನೀರು ಕೊಟ್ಟರು. ಅದಕ್ಕೆ ಕರಪತ್ರ ಬೇಡ, ಒಂದು ಮಚ್ಚು ಸಾಕು.

2022ರ ನವೆಂಬರ್ 29ರಂದು ಮೊರಾಕ್ಕೋದ ರಬಾತ್‌ನಲ್ಲಿ ನಡೆದ ಯುನೆಸ್ಕೋ ಸಭೆ ಚೀನಾದ ಸಾಂಪ್ರದಾಯಿಕ ಚಹಾ ತಯಾರಿಕೆಯನ್ನೂ ಅದರ ಸುತ್ತಲಿನ ರೂಢಿಗಳನ್ನೂ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 15 ಪ್ರಾಂತಗಳ 44 ಕಸುಬು, ಪದ್ಧತಿಗಳು ಆ ಒಂದೇ ಅರ್ಜಿಯಲ್ಲಿದ್ದವು. ಅದರ ಬೆನ್ನಿಗೆ ಅಲ್ಲಿನ ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಸಚಿವಾಲಯ 'ಚಾ ಹ ತಿಯಾನ್‌ಶ್ಯಾ' ಎಂಬ ಹೆಸರಿನಲ್ಲಿ ದೇಶದೇಶಗಳಲ್ಲಿ ಚಹಾ ಕೂಟಗಳನ್ನು ಏರ್ಪಡಿಸತೊಡಗಿತು. ಹೆಸರಿನಲ್ಲೇ ಒಂದು ಚಮತ್ಕಾರವಿದೆ. ಮೊದಲಿನದು ಚಹಾ, ಕೊನೆಯದು ಜಗತ್ತು. ನಡುವಿನ 'ಹ' ಎಂಬ ಅಕ್ಷರಕ್ಕೆ 'ಮತ್ತು' ಎಂಬ ಅರ್ಥವೂ ಉಂಟು, 'ಸಾಮರಸ್ಯ' ಎಂಬ ಅರ್ಥವೂ ಉಂಟು. ಹೊರದೇಶಗಳ ಚೀನೀ ಸಂಸ್ಕೃತಿ ಕೇಂದ್ರಗಳು (1988ರಲ್ಲಿ ಮೊದಲಾದವು ಮಾರಿಷಸ್ ಮತ್ತು ಬೆನಿನ್‌ನಲ್ಲಿ) ಇಂಥ ಕೂಟಗಳ ತಾಣ. ಉದ್ದ ತೋಳಿನ ರೇಷ್ಮೆ ಅಂಗಿ ತೊಟ್ಟ ಹುಡುಗಿ, ಹಿನ್ನೆಲೆಯಲ್ಲಿ ಗುಜೆಂಗ್ ತಂತಿವಾದ್ಯ, ಮುಂದೆ ಬಿದಿರಿನ ತಟ್ಟೆ. ಉಡುಗೊರೆ ಪೆಟ್ಟಿಗೆಯೆಂದರೆ ಆ ವೇದಿಕೆಯನ್ನೇ ಮಡಚಿ ಕೈಗೆ ಕೊಟ್ಟ ಹಾಗೆ. ಅದರ ಗುಣ, ದೋಷ ಎರಡಕ್ಕೂ ಮೂಲ ಅಲ್ಲೇ ಇದೆ: ನೋಡುವವರಿಗಾಗಿ ಮಾಡಿದ್ದನ್ನು ಕುಡಿಯುವವರು ಬಳಸಬೇಕಾಗಿದೆ.

ಗೈವಾನ್: ದುಡ್ಡಿಗೆ ಮೋಸವಿಲ್ಲದ ತುಂಡು

ಮುಚ್ಚಳ, ಬಟ್ಟಲು, ಬಸಿ ಮೂರೂ ಸೇರಿ ಗೈವಾನ್. ಮುಚ್ಚಳ ಆಕಾಶ, ಬಸಿ ಭೂಮಿ, ನಡುವಿನ ಬಟ್ಟಲು ಮನುಷ್ಯ ಎಂದು ಅಲ್ಲಿನವರು ಹೇಳುತ್ತಾರೆ. ಮಾತು ಹಾಗಿರಲಿ, ವಸ್ತುವಾಗಿ ಇದು ಬಹಳ ಜಾಣತನದ ಸೃಷ್ಟಿ. ಸೋಸುವುದಕ್ಕೆ ಬೇರೆ ಸಾಧನ ಬೇಡ, ಮುಚ್ಚಳವನ್ನು ಸ್ವಲ್ಪ ಓರೆ ಮಾಡಿದರೆ ಅದೇ ಜಾಲರಿ. ಮೆರುಗು ಹಚ್ಚಿದ ಪಿಂಗಾಣಿಯಾದ್ದರಿಂದ ಹಿಂದಿನ ದಿನದ ವಾಸನೆ ಉಳಿಯುವುದಿಲ್ಲ. ಬೆಳಿಗ್ಗೆ ಹಸಿರು ಚಹಾ, ಸಂಜೆ ಹುದುಗಿಸಿದ ಕಡುಬಣ್ಣದ ಪು-ಅರ್ ಚಹಾ ಮಾಡಿದರೂ ಒಂದರ ರುಚಿ ಇನ್ನೊಂದಕ್ಕೆ ಅಂಟದು.

ಆದರೂ ಮೊದಲ ಸಲ ಕೈಗೆತ್ತಿಕೊಂಡವರಲ್ಲಿ ಹೆಚ್ಚಿನವರು ಬೆರಳು ಸುಟ್ಟುಕೊಂಡು ಅದನ್ನು ಮತ್ತೆ ಪೆಟ್ಟಿಗೆಗೆ ಸೇರಿಸುತ್ತಾರೆ. ತಪ್ಪು ಅರ್ಧ ಕೈಯದು, ಅರ್ಧ ಬಟ್ಟಲಿನದು. ಬಟ್ಟಲಿನ ಅಂಚು ಹೂವಿನ ಹಾಗೆ ಹೊರಕ್ಕೆ ಅರಳಿರಬೇಕು. ಬಿಸಿ ನೀರು ನಿಲ್ಲುವುದು ಒಳಗೆ, ಬೆರಳು ಹಿಡಿಯುವುದು ಹೊರಕ್ಕೆ ಚಾಚಿದ ತೆಳುವಾದ ಅಂಚನ್ನು, ಆದ್ದರಿಂದ ಆ ಜಾಗ ಅಷ್ಟಾಗಿ ಕಾಯುವುದಿಲ್ಲ. ಉಡುಗೊರೆ ಸೆಟ್ಟುಗಳಲ್ಲಿ ಚಿತ್ರ ಚೆನ್ನಾಗಿ ಕಾಣಲೆಂದು ನೆಟ್ಟಗಿನ ಗೋಡೆಯ, ದಪ್ಪ ಅಂಚಿನ ಬಟ್ಟಲು ಇಡುವುದುಂಟು. ಅದು ಸುಡದೆ ಬಿಡುವುದಿಲ್ಲ. ಎರಡನೆಯದು ಗಾತ್ರ. 100ರಿಂದ 120 ಮಿಲಿಲೀಟರ್ ಸರಿಯಾದ ಅಳತೆ. 150 ದಾಟಿದರೆ ಒಂದು ಕೈಯಲ್ಲಿ ಅಂಚು ಹಿಡಿಯಲು ಬೆರಳು ಚಾಚಬೇಕು, ಚಾಚಿದ ಬೆರಳು ಜಾರುತ್ತದೆ.

ಹಿಡಿಯುವ ಕ್ರಮ ಹೀಗೆ. ಹೆಬ್ಬೆರಳು ಮತ್ತು ನಡುಬೆರಳು ಅಂಚಿನ ಎದುರುಬದುರು ತುದಿಗಳಲ್ಲಿ, ತೋರುಬೆರಳು ಮುಚ್ಚಳದ ಗುಬುಟಿನ ಮೇಲೆ. ಉಳಿದೆರಡು ಬೆರಳು ಬಟ್ಟಲಿಗೆ ತಾಗದಂತೆ ದೂರ. ಮುಚ್ಚಳವನ್ನು ಎರಡು ಮೂರು ಮಿಲಿಮೀಟರ್ ಸಂದು ಬಿಡುವಷ್ಟು ಹಿಂದಕ್ಕೆ ಸರಿಸಿ, ಆ ಸಂದು ಹೆಬ್ಬೆರಳ ಕಡೆಗೆ ಬಾರದಂತೆ ನೋಡಿಕೊಂಡು, ಬಟ್ಟಲನ್ನು ಒಂದೇ ಸಲ ನೆಟ್ಟಗೆ ಬಗ್ಗಿಸಬೇಕು. ಹೆದರಿ ನಿಧಾನವಾಗಿ ಓರೆ ಮಾಡಿದಿರೋ ಹಬೆ ಬೆರಳಿನ ಅಡಿಗೇ ಹೊಡೆಯುತ್ತದೆ. ದೋಸೆ ಮಗುಚುವಾಗ ಅಳುಕಿದರೆ ದೋಸೆ ಹರಿಯುವುದಿಲ್ಲವೇ, ಹಾಗೆ. ನೀರು ಅಂಚಿನ ತಿರುವಿಗಿಂತ ಕೆಳಗೇ ನಿಲ್ಲಬೇಕು. ಮುಚ್ಚಳಕ್ಕೆ ನೀರು ತಾಗಿತು ಎಂದರೆ ಅಂಚಿಗೂ ತಾಗಿದೆ, ಬೆರಳಿಗೂ ತಾಗುತ್ತದೆ. ಒಂದು ವಾರ ತಣ್ಣೀರಿನಲ್ಲಿ ಅಭ್ಯಾಸ ಮಾಡಿಕೊಂಡರೆ ಸಾಕು. ಅಷ್ಟು ದಿನ ಮಸಿಬಟ್ಟೆ ಹಿಡಿದುಕೊಂಡರೂ ಯಾರ ಸಂಸ್ಕೃತಿಗೂ ಧಕ್ಕೆಯಿಲ್ಲ.

ಕೊಳ್ಳುವಾಗ ಮೂರು ಪರೀಕ್ಷೆ. ಮುಚ್ಚಳ ಇಟ್ಟು ಒಂದು ಬದಿಗೆ ಒತ್ತಿ, ಲಟಪಟ ಅಲ್ಲಾಡಿದರೆ ಸುರಿಯುವಾಗ ಎಲೆಯೂ ಬೀಳುತ್ತದೆ. ಉಗುರಿನಿಂದ ಬಟ್ಟಲನ್ನು ತಟ್ಟಿ, ಠಣ್ ಎನ್ನಬೇಕು, ಬೊದ್ದು ಸದ್ದು ಬಂದರೆ ಎಲ್ಲೋ ಸೀಳಿದೆ. ಕೊನೆಗೆ ಚಿತ್ರದ ಮೇಲೆ ಬೆರಳಾಡಿಸಿ. ಮೆರುಗಿನ ಅಡಿಯಲ್ಲಿ ಬರೆದ ನೀಲಿ ಚಿತ್ತಾರ ಕೈಗೆ ಸಿಗದು, ಮೇಲ್ಮೈ ಒಂದೇ ಸಮ ನುಣುಪು. ಮೆರುಗಿನ ಮೇಲೆ ಅಂಟಿಸಿ ಸುಟ್ಟ ಬಣ್ಣದ ಚಿತ್ರ ಉಗುರಿಗೆ ತಡೆಯುತ್ತದೆ. ಅಗ್ಗದ ಮಾಲಿನಲ್ಲಿ ಸೀಸ, ಕ್ಯಾಡ್ಮಿಯಮ್ ಇದ್ದರೆ ಇರುವುದು ಇಂಥ ಬಣ್ಣದಲ್ಲೇ. ಹೊರಗಡೆ ಚಿತ್ರವಿದ್ದರೆ ಚಿಂತೆಯಿಲ್ಲ, ಒಳಮೈ ಮತ್ತು ತುಟಿ ತಾಗುವ ಜಾಗ ಬಿಳಿಯಾಗಿರಲಿ. ಚಿನ್ನದ ಗೆರೆ ಇರುವುದನ್ನು ಮೈಕ್ರೋವೇವಿಗೆ ಇಡಬೇಡಿ.

ಪೆಟ್ಟಿಗೆಯ ಮೇಲೆ 'ಜಿಂಗ್‌ದೆಝೆನ್' ಎಂದು ಬರೆದಿರುತ್ತದೆ. ಜಿಯಾಂಗ್‌ಶಿ ಪ್ರಾಂತದ ಆ ಊರು ಪಿಂಗಾಣಿಗೆ ತವರು. ಪಿಂಗಾಣಿ ಮಣ್ಣಿಗೆ ಲೋಕವೆಲ್ಲ ಕೇಯೋಲಿನ್ ಎನ್ನುವುದು ಅದರ ಹತ್ತಿರದ ಗಾವ್‌ಲಿಂಗ್ ಎಂಬ ಹಳ್ಳಿಯ ಹೆಸರಿನಿಂದ. ಆದರೆ ರಾಶಿರಾಶಿಯಾಗಿ ಬರುವ ಸೆಟ್ಟುಗಳಲ್ಲಿ ಬಹುಪಾಲು ಫೂಜಿಯಾನಿನ ದೆಹ್ವಾ ಇಲ್ಲವೇ ಗ್ವಾಂಗ್‌ಡೋಂಗಿನ ಚಾವ್‌ಝೌ ಕಾರ್ಖಾನೆಗಳವು. ಜಿಂಗ್‌ದೆಝೆನ್‌ನ ಬಿಳುಪಿನಲ್ಲಿ ತುಸು ನೀಲಿ ಛಾಯೆ, ದೆಹ್ವಾದ ಬಿಳುಪು ದಂತದಂತೆ ಬೆಚ್ಚಗೆ. ಬಳಕೆಗೆ ಎರಡೂ ಚೆನ್ನ. ದೆಹ್ವಾದ್ದು ಸಿಕ್ಕಿತೆಂದು ಬೇಸರಪಡಬೇಕಿಲ್ಲ, ಜಿಂಗ್‌ದೆಝೆನ್ ಎಂದು ಹೆಚ್ಚು ದುಡ್ಡು ಕೊಡುವ ಮೊದಲು ಮಾತ್ರ ಎರಡು ಸಲ ಯೋಚಿಸಿ.

ಕೆಲವು ಸೆಟ್ಟಿನಲ್ಲಿ ಗೈವಾನ್ ಬದಲು ಕಂದು ಬಣ್ಣದ 'ಯಿಶಿಂಗ್' (ಮಣ್ಣಿನ ಟೀ ಪಾತ್ರೆಗೆ ಹೆಸರಾದ ಊರು) ಮಣ್ಣಿನ ಟೀ ಪಾತ್ರೆ ಇರುತ್ತದೆ. ಉಡುಗೊರೆ ಸೆಟ್ಟಿನ ಬೆಲೆಗೆ ನಿಜವಾದ ಯಿಶಿಂಗ್ ಮಣ್ಣು ಸಿಗುವುದು ಕಷ್ಟ, ಬಣ್ಣ ಬೆರೆಸಿದ ಮಣ್ಣೇ ಹೆಚ್ಚು. ಕುದಿ ನೀರು ಹೊಯ್ದು ಮೂಸಿ ನೋಡಿ. ಪೇಂಟಿನ ವಾಸನೆ, ಪಾಲಿಶ್ ವಾಸನೆ ಬಂದರೆ ಅದರಲ್ಲಿ ಚಹಾ ಮಾಡಬೇಡಿ, ಪೆನ್ನು ಹಾಕಿಡಿ.

ಆರು ಕಪ್ಪಿನ ಲೆಕ್ಕ ತಪ್ಪಿದೆ

ಇಲ್ಲಿ ಪೆಟ್ಟಿಗೆ ಎಡವುತ್ತದೆ, ಅದೂ ಸಾದಾ ಗಣಿತದಲ್ಲಿ. 110 ಮಿಲಿಲೀಟರ್ ಗೈವಾನಿಗೆ ಅಂಚಿನ ಕೆಳಗೆ ಹಿಡಿಸುವ ನೀರು ಸುಮಾರು 90. ಒಣ ಎಲೆ ಮೊದಲ ಸಲ 15 ಮಿಲಿಲೀಟರಿನಷ್ಟು ಕುಡಿದುಬಿಡುತ್ತದೆ. ಉಳಿದದ್ದು 75. ಸೆಟ್ಟಿನ ಕಪ್ಪು ತುಂಬ ತುಂಬಿದರೆ 40 ಮಿಲಿಲೀಟರ್. ತುಂಬಿಸುವ ಹಾಗೆ ಇಲ್ಲ, ಚೀನೀ ರೂಢಿಯಲ್ಲಿ ಹತ್ತಕ್ಕೆ ಏಳು ಪಾಲು ಮಾತ್ರ. ಕಪ್ಪು ತುಂಬಿ ತುಳುಕಿಸಿದರೆ ಅತಿಥಿಗೆ ಅಗೌರವ. ಎತ್ತಿಕೊಳ್ಳಲು ಆಗದಷ್ಟು ಬಿಸಿಯಾಗುತ್ತದೆ ಎನ್ನುವುದು ಅದರ ಹಿಂದಿನ ಸರಳ ಕಾರಣ. ಅಂದರೆ ತಲಾ 28. ಮೂರು ಕಪ್ಪಿಗೂ ಎಳೆದಾಡಿ ಸಾಲುವಷ್ಟು, ಆರಕ್ಕಂತೂ ಇಲ್ಲವೇ ಇಲ್ಲ.

ಸಣ್ಣ ಬಟ್ಟಲಲ್ಲಿ ಮಾಡಿ ಸಣ್ಣ ಕಪ್ಪಿಗೆ ಹಂಚುವ ಈ ವಿದ್ಯೆಯ ತವರಾದ ಚಾವ್‌ಝೌನಲ್ಲಿ ಕಪ್ಪು ಮೂರೇ. ಸವಿಯುವುದು ಎಂಬರ್ಥದ 'ಪಿನ್' ಅಕ್ಷರದಲ್ಲಿ ಬಾಯಿಯ ಗುರುತು ಮೂರು, ಆದ್ದರಿಂದ ಮೂರು ಎಂದು ವಿವರಣೆ ಕೊಡುತ್ತಾರೆ. ನಾಲ್ವರು ಕುಳಿತರೂ ಕಪ್ಪು ಮೂರೇ ಇಟ್ಟು, ನೀವು ಮೊದಲು ತಗೊಳ್ಳಿ ಎಂದು ಒಬ್ಬರಿಗೊಬ್ಬರು ಬಿಟ್ಟುಕೊಡುವುದೇ ಅಲ್ಲಿನ ಸೊಗಸು. ಬೈಟು ಕಾಫಿಯಲ್ಲಿ ಬೆಳೆದ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೆಟ್ಟಿಗೆಯಲ್ಲಿ ಆರು ಇರುವುದು ಆರು ಶುಭಸಂಖ್ಯೆ ಎಂದು, ಸಾಲಾಗಿ ಜೋಡಿಸಿದರೆ ಕಣ್ಣಿಗೆ ತುಂಬುತ್ತದೆ ಎಂದು. ಮೂರು ಹೊರಗಿಡಿ, ಮೂರು ಒಡೆದಾಗ ಬಳಸಲು ಎತ್ತಿಡಿ. ಅಷ್ಟು ತೆಳು ಕಪ್ಪು ಸಿಂಕಿನಲ್ಲಿ ಒಡೆಯುವುದು ಹೇಗೂ ಖಾತ್ರಿ.

ಗಾಜಿನ ಜಗ್ಗಿಗೆ ಗೊಂಗ್‌ದಾವ್ ಬೇ ಎಂದು ಹೆಸರು, ನ್ಯಾಯದ ಬಟ್ಟಲು ಎಂದು ಅರ್ಥ. ಗೈವಾನಿನ ಚಹಾವನ್ನೆಲ್ಲ ಒಮ್ಮೆ ಇದಕ್ಕೆ ಬಸಿದು ಆಮೇಲೆ ಹಂಚಿದರೆ ಎಲ್ಲರಿಗೂ ಒಂದೇ ಗಡಸು. ಒಳ್ಳೆಯ ಉಪಾಯ, ನಮ್ಮ ಶಿಫಾರಸು ಇದಕ್ಕುಂಟು. ಆದರೆ ಕರಪತ್ರ ಹೇಳುವಂತೆ ಇದು ಪುರಾತನವಲ್ಲ. ಈ ಜಗ್ಗು, ಘಮ ಮೂಸಲೆಂದೇ ಇಡುವ ಉದ್ದನೆಯ ಕಪ್ಪು, 'ಚಹಾ ಕಲೆ' ಎಂದು ವೇದಿಕೆಯಲ್ಲಿ ತೋರಿಸುವ ಬೆಡಗು, ಇವೆಲ್ಲ 1970ರ ದಶಕದಿಂದೀಚೆ ತೈವಾನಿನಲ್ಲಿ ಬೆಳೆದು ಆಮೇಲೆ ಮುಖ್ಯಭೂಮಿಗೆ ದಾಟಿದವು. ಬೀಜಿಂಗ್ ಹೊರದೇಶಕ್ಕೆ ಕಳಿಸುವ ಸಾಂಸ್ಕೃತಿಕ ಪೆಟ್ಟಿಗೆಯ ನಟ್ಟನಡುವೆ ತೈವಾನಿನ ಕೊಡುಗೆ ಕುಳಿತಿದೆ. ಕರಪತ್ರದಲ್ಲಿ ಈ ವಿಷಯಕ್ಕೆ ಜಾಗ ಸಿಕ್ಕಿರುವುದಿಲ್ಲ.

ಚಾವ್‌ಝೌನ ಹಳಬರು ಜಗ್ಗಿಲ್ಲದೆಯೇ ನ್ಯಾಯ ಮಾಡುತ್ತಾರೆ. ಮೂರು ಕಪ್ಪನ್ನೂ ಒಂದಕ್ಕೊಂದು ತಾಗಿಸಿಟ್ಟು ಗೈವಾನನ್ನು ವರ್ತುಲವಾಗಿ ಸುತ್ತಿಸುತ್ತ ಸುರಿಯುವುದು 'ಗ್ವಾನ್ ಗೊಂಗ್ ಊರು ಸುತ್ತುವುದು', ಕೊನೆಯ ಗಟ್ಟಿ ಹನಿಗಳನ್ನು ಒಂದೊಂದು ಕಪ್ಪಿಗೂ ತೊಟ್ಟಿಕ್ಕಿಸುವುದು 'ಹಾನ್ ಶಿನ್ ಸೈನಿಕರನ್ನು ಎಣಿಸುವುದು'. ಇಬ್ಬರೂ ಹಳೆಯ ಕಾಲದ ಸೇನಾಪತಿಗಳು. ನಮ್ಮಲ್ಲಿ ತುಪ್ಪ ಬಡಿಸುವವರು ಪಂಕ್ತಿಯ ಕೊನೆಯವರೆಗೂ ಸಾಲುವ ಹಾಗೆ ಕೈ ಹಿಡಿದು ಹೋಗುತ್ತಾರಲ್ಲ, ಅಂಥದ್ದೇ ಕೈಚಳಕ.

ಬಿದಿರು ತಟ್ಟೆ ಮತ್ತು 'ಆರು ಸಜ್ಜನರು'

ತಟ್ಟೆಗೆ ಮೇಲೆ ಸೀಳುಗಳು, ಕೆಳಗೆ ಚೆಲ್ಲಿದ ನೀರು ನಿಲ್ಲುವ ಪ್ಲಾಸ್ಟಿಕ್ ಟ್ರೇ. ನೋಡಲು ಚೆಂದ, ಸಾಕುವುದು ಕಷ್ಟ. ಪಟ್ಟಿಗಳನ್ನು ಅಂಟು ಹಾಕಿ ಜೋಡಿಸಿರುವುದರಿಂದ ನೀರು ಕುಡಿದು ಒಣಗಿ, ಒಣಗಿ ಕುಡಿದು ಬಾಗುತ್ತವೆ. ಮಂಗಳೂರು, ಮಡಿಕೇರಿಯ ಮಳೆಗಾಲಕ್ಕೆ ಸಿಕ್ಕರೆ ಕೆಳಗಿನ ಟ್ರೇಯಲ್ಲಿ ಎರಡೇ ದಿನಕ್ಕೆ ಲೋಳೆ, ವಾರದಲ್ಲಿ ಸೀಳುಗಳಲ್ಲಿ ಕಪ್ಪು ಬೂಷ್ಟು. ಬಳಸಲೇಬೇಕೆಂದಿದ್ದರೆ ಪ್ರತಿ ಸಲವೂ ಟ್ರೇ ಖಾಲಿ ಮಾಡಿ, ಬಿಸಿ ನೀರಲ್ಲಿ ತೊಳೆದು, ತಟ್ಟೆಯನ್ನು ಗೋಡೆಗೆ ನಿಲ್ಲಿಸಿ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಸೀಳುತ್ತದೆ. ಅಂಚಿರುವ ಸ್ಟೀಲ್ ತಟ್ಟೆ, ಅದರ ಮೇಲೆ ಒಂದು ದಪ್ಪ ಹತ್ತಿ ಬಟ್ಟೆ ಸಾಕು. ಅದೇ ಕೆಲಸ, ಕಾಟವಿಲ್ಲ.

ಮರದ ಗೊಂಚಲಿಗೆ 'ಚಹಾದ ಆರು ಸಜ್ಜನರು' ಎಂಬ ಗೌರವದ ಹೆಸರು: ಕೊಳವೆ, ಎಲೆ ಅಳೆಯುವ ತೊಟ್ಟಿ, ಎಲೆ ತೆಗೆಯುವ ಕಡ್ಡಿ, ಇಕ್ಕಳ, ಆಲಿಕೆ, ಸೂಜಿ. ಆರರಲ್ಲಿ ದುಡಿಯುವವ ಒಬ್ಬನೇ, ಇಕ್ಕಳ. ಕಪ್ಪು ಬಿಸಿ ಮಾಡಿದಾಗ ಎತ್ತಲು ಬೇಕು. ಮಣ್ಣಿನ ಪಾತ್ರೆ ಇದ್ದರೆ ಮೂತಿಗೆ ಸಿಕ್ಕಿದ ಎಲೆ ಬಿಡಿಸಲು ಸೂಜಿ ಬೇಕಾದೀತು. ಉಳಿದ ನಾಲ್ವರು ನಿಲಯದ ಕಲಾವಿದರಲ್ಲ, ಅತಿಥಿ ಕಲಾವಿದರು. ಇವರ ಬದಲು ಪೆಟ್ಟಿಗೆಯಲ್ಲಿ ಇರಬೇಕಾಗಿದ್ದದ್ದು 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ. ಕೆಟ್ಟ ಚಹಾಕ್ಕೆ ದೊಡ್ಡ ಕಾರಣ ಕಣ್ಣಳತೆ. ಸುರುಳಿ ಸುತ್ತಿದ ತಿಯೆಗ್ವಾನ್‌ಯಿನ್ (ಹಸಿರು ಚಹಾಕ್ಕೂ ಕಪ್ಪು ಚಹಾಕ್ಕೂ ನಡುವಿನ ಊಲಾಂಗ್ ಬಗೆ) 7 ಗ್ರಾಂ ಎಂದರೆ ಒಂದು ಚಮಚದಷ್ಟು ಕಾಣುತ್ತದೆ, ಹಗುರಾದ ಉದ್ದ ಎಲೆಯ ದಾ ಹೊಂಗ್ ಪಾವ್ ಎಂಬ ಇನ್ನೊಂದು ಊಲಾಂಗ್ ಅಷ್ಟೇ ತೂಕಕ್ಕೆ ಬಟ್ಟಲೇ ತುಂಬುತ್ತದೆ.

ಕಪ್ಪೆಯ ಕತೆ ಬೇರೆ. ಇದು 'ಚಹಾ ಸಾಕುಪ್ರಾಣಿ'. ಮೆರುಗಿಲ್ಲದ ಮಣ್ಣಿನದು, ತೊಳೆದ ಚಹಾ ನೀರನ್ನು ಅದರ ಮೇಲೆ ಹೊಯ್ಯುತ್ತ ಬಂದರೆ ವರ್ಷಗಳಲ್ಲಿ ಹೊಳಪು ಬರುತ್ತದೆ. ಉಪಯೋಗ ಸೊನ್ನೆ, ಮನೆಯ ಮಕ್ಕಳಿಗೆ ಇಡೀ ಪೆಟ್ಟಿಗೆಯಲ್ಲಿ ಇಷ್ಟವಾಗುವುದು ಇದೊಂದೇ. ಕೆಲವು ಸೆಟ್ಟಿನಲ್ಲಿ ಮೂತ್ರ ಮಾಡುವ ಹುಡುಗನ ಗೊಂಬೆ ಬರುತ್ತದೆ. ಬಿಸಿ ನೀರಲ್ಲಿ ಮುಳುಗಿಸಿ, ಕೂಡಲೇ ತಣ್ಣೀರಲ್ಲಿ ಅದ್ದಿ ಒಳಗೆ ಅರ್ಧ ನೀರು ತುಂಬಿಸಿ, ಮೇಲೆ ಕುದಿ ನೀರು ಹೊಯ್ದರೆ ಒಳಗಿನ ಗಾಳಿ ಹಿಗ್ಗಿ ನೀರು ಚಿಮ್ಮುತ್ತದೆ. ನೀರು ಸಾಕಷ್ಟು ಕಾಯದಿದ್ದರೆ ಸುಮ್ಮನಿರುತ್ತಾನೆ. ಅಷ್ಟರಮಟ್ಟಿಗೆ ಥರ್ಮಾಮೀಟರ್.

ಡಬ್ಬಿಯೊಳಗೆ ಏನಿದೆ

ಸೆಟ್ಟಿನ ದುರ್ಬಲ ಭಾಗ ಚಹಾವೇ. ಡಬ್ಬಿಯ ಮೇಲೆ ಡ್ರ್ಯಾಗನ್ ದೊಡ್ಡದಾಗಿದ್ದಷ್ಟೂ ಕೊಯ್ದ ದಿನಾಂಕ ಸಣ್ಣದಾಗಿರುತ್ತದೆ. ಲೇಬಲ್ಲಿನಲ್ಲಿ ಚಿತ್ರ ಬಿಟ್ಟು ಎರಡು ಸಂಗತಿ ಹುಡುಕಿ. ಒಂದು, ತಯಾರಾದ ದಿನ. ಎರಡು, ಜಿಬಿ/ಟಿ ಎಂದು ಶುರುವಾಗುವ, ಚೀನಾದ ರಾಷ್ಟ್ರೀಯ ಮಾನದಂಡದ ಸಂಖ್ಯೆ. 18650 ಇದ್ದರೆ ಲೊಂಗ್‌ಜಿಂಗ್ ಎಂಬ ಹೆಸರಾಂತ ಹಸಿರು ಚಹಾ, 18745 ಇದ್ದರೆ ವುಯಿ ಬೆಟ್ಟದ ಊಲಾಂಗ್, 19598 ಆನ್‌ಶಿಯ ತಿಯೆಗ್ವಾನ್‌ಯಿನ್, 22111 ಪು-ಅರ್. ಡಬ್ಬಿಯ ಮೇಲೆ ಲೊಂಗ್‌ಜಿಂಗ್ ಎಂದಿದ್ದು ಸಂಖ್ಯೆ ಬೇರೆ ಇದ್ದರೆ ಅದು ಲೊಂಗ್‌ಜಿಂಗ್ ಆಕಾರಕ್ಕೆ ಒತ್ತಿದ ಯಾವುದೋ ಹಸಿರು ಚಹಾ ಆಗಿರಬಹುದು. ಅಸಲಿಯಲ್ಲೂ ದರ್ಜೆಯಿದೆ. ಝೆಜಿಯಾಂಗ್ ಪ್ರಾಂತದ ಮೂರು ಪ್ರದೇಶಗಳಿಗೆ ಆ ಹೆಸರಿನ ಹಕ್ಕಿದೆ, ದುಬಾರಿ ಎನ್ನಿಸುವುದು ಹಾಂಗ್‌ಝೌನ ಪಶ್ಚಿಮ ಸರೋವರದ ಸುತ್ತಲಿನ 168 ಚದರ ಕಿಲೋಮೀಟರಿನದು, ಅದರಲ್ಲೂ ಏಪ್ರಿಲ್ 5ರ ಆಸುಪಾಸಿನ ಚಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆ ಕೊಯ್ದದ್ದು. ಅಂಥದ್ದು ಉಡುಗೊರೆ ಡಬ್ಬಿಯಲ್ಲಿ ಬಂತು ಎಂದರೆ ಕೊಟ್ಟವರಿಗೆ ನಿಮ್ಮಿಂದ ದೊಡ್ಡ ಕೆಲಸವೇ ಆಗಬೇಕಿದೆ.

ದಾ ಹೊಂಗ್ ಪಾವ್ ಡಬ್ಬಿ ಇದ್ದರೆ ಅದರ ಜೊತೆ ಕತೆಯೂ ಇರುತ್ತದೆ: ಬಂಡೆಯ ಮೇಲಿನ ತಾಯಿ ಗಿಡಗಳು, ಚಕ್ರವರ್ತಿ, ಕೆಂಪು ನಿಲುವಂಗಿ, ನಿಕ್ಸನ್‌ಗೆ ಮಾವೋ ಕೊಟ್ಟ ಕಾಣಿಕೆ. ವುಯಿ ಬೆಟ್ಟದಲ್ಲಿ ಆರು ತಾಯಿ ಗಿಡಗಳಿರುವುದು ನಿಜ. ಆದರೆ 2006ರಿಂದ ಅವುಗಳ ಕೊಯ್ಲು ನಿಂತಿದೆ, ಕೊನೆಯ ಕೊಯ್ಲಿನ 20 ಗ್ರಾಂ 2007ರಲ್ಲಿ ಬೀಜಿಂಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೇರಿತು. ಡಬ್ಬಿಯಲ್ಲಿರುವುದು ಆ ವಂಶದ ಗಿಡಗಳದ್ದು, ಇಲ್ಲವೇ ವುಯಿಯ ಬೇರೆ ಬೇರೆ ಊಲಾಂಗ್‌ಗಳ ಮಿಶ್ರಣ. ಒಳ್ಳೆಯ ಮಿಶ್ರಣ ಒಳ್ಳೆಯ ಚಹಾವೇ, ಕತೆಗೆ ಬೇರೆ ಬೆಲೆ ಕಟ್ಟಬೇಡಿ.

ಕೆಡುವ ವಿಚಾರ. ಹಸಿರು ಚಹಾ ಡಬ್ಬಿಯನ್ನು ಷೋಕೇಸಿನ ದೀಪದ ಕೆಳಗೆ ಒಂದು ಬೇಸಗೆ ಇಟ್ಟರೆ ಮುಗಿಯಿತು, ಹುಲ್ಲಿನ ಘಮ ಹೋಗಿ ಹಳೆ ಕಾಗದದ ವಾಸನೆ. ಗಾಳಿಯಾಡದ ಚೀಲದಲ್ಲಿ ಫ್ರಿಜ್ಜಿಗೆ ಸೇರಿಸಿ, ತೆಗೆದಾಗ ಕೋಣೆಯ ಬಿಸಿಗೆ ಬರುವವರೆಗೂ ಬಿಚ್ಚಬೇಡಿ. ತಣ್ಣನೆ ಎಲೆಯ ಮೇಲೆ ಗಾಳಿಯ ತೇವ ಇಬ್ಬನಿಯಂತೆ ಕೂರುತ್ತದೆ. ಪು-ಅರ್ ಹಾಗಲ್ಲ, ಅದಕ್ಕೆ ಗಾಳಿ ಬೇಕು. ಆದರೆ ಹಿಂಗಿನ ಡಬ್ಬಿಯ ಪಕ್ಕ ಇಟ್ಟಿರೋ, ಹಿಂಗಿನ ಪು-ಅರ್ ಕುಡಿಯುತ್ತೀರಿ.

ನೀರು, ಬಿಸಿ, ಕಾಲ

8ನೇ ಶತಮಾನದಲ್ಲಿ ಚಹಾದ ಮೇಲೆ ಗ್ರಂಥ ಬರೆದ ಲು ಯು ಚಹಾಕ್ಕೆ ನೀರಿನ ದರ್ಜೆ ಹೇಳಿದ್ದಾನೆ: ಬೆಟ್ಟದ ನೀರು ಉತ್ತಮ, ಹೊಳೆಯದು ಮಧ್ಯಮ, ಬಾವಿಯದು ಕಡೆ. ಕಾವೇರಿ ನೀರು ಬರುವ ಬಡಾವಣೆಗೂ ಬೋರ್‌ವೆಲ್ ಬಡಾವಣೆಗೂ ಇರುವ ವ್ಯತ್ಯಾಸ ಬೆಂಗಳೂರಿನವರಿಗೆ ಗೊತ್ತಿರುವುದೇ. ಗಡಸು ನೀರಿನಲ್ಲಿ ಚಹಾದ ಮೇಲೆ ಎಣ್ಣೆಯಂಥ ಪೊರೆ ಕಟ್ಟಿ, ಬಣ್ಣ ಮಂಕಾಗಿ, ಘಮ ಸಾಯುತ್ತದೆ. ಹಾಗೆಂದು ಆರ್‌ಓ ಯಂತ್ರದಿಂದ ಲವಣವೆಲ್ಲ ಬಸಿದು ತೆಗೆದ ನೀರೂ ಸಪ್ಪೆ. ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರಿನಲ್ಲಿ 40ರಿಂದ 100ರ ಒಳಗೆ ಬರುವ ಹಾಗೆ ಆರ್‌ಓ ನೀರಿಗೆ ಸ್ವಲ್ಪ ಸಾದಾ ಶೋಧಿಸಿದ ನೀರು ಬೆರೆಸಿದರೆ ಹದ.

ಕರಪತ್ರದಲ್ಲಿ ಊಲಾಂಗಿಗೆ 100 ಡಿಗ್ರಿ ಎಂದಿರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97ಕ್ಕೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಮ್ಮಿ. ಎಷ್ಟು ಕುದಿಸಿದರೂ ಏರದು. ತಲೆ ಕೆಡಿಸಿಕೊಳ್ಳದೆ, ಗೈವಾನನ್ನೇ ಚೆನ್ನಾಗಿ ಬಿಸಿ ಮಾಡಿಕೊಳ್ಳಿ. ತಣ್ಣನೆ ಪಿಂಗಾಣಿಗೆ ಹೊಯ್ದರೆ ಆ ಕ್ಷಣಕ್ಕೇ ಹತ್ತು ಡಿಗ್ರಿ ಕಳೆದುಹೋಗುತ್ತದೆ.

ತಿಯೆಗ್ವಾನ್‌ಯಿನ್ ಹಿಡಿದು ಕ್ರಮ ಹೇಳುವುದಾದರೆ: 110 ಮಿಲಿಲೀಟರಿಗೆ ಚೀನೀಯರು 7 ಗ್ರಾಂ ಹಾಕುತ್ತಾರೆ, ಹೊಸಬರು 5ರಿಂದ ಶುರು ಮಾಡಿ. ಗೈವಾನ್, ಜಗ್ಗು, ಕಪ್ಪು ಮೂರಕ್ಕೂ ಕುದಿ ನೀರು ಹೊಯ್ದು ಚೆಲ್ಲಿ. ಎಲೆ ಹಾಕಿ, ಮುಚ್ಚಳ ಮುಚ್ಚಿ ಎರಡು ಸಲ ಅಲ್ಲಾಡಿಸಿ, ಮುಚ್ಚಳದ ಒಳಮೈ ಮೂಸಿ. ಎಲೆ ಹಳತೋ ಹೊಸತೋ ಅಲ್ಲೇ ತಿಳಿಯುತ್ತದೆ. ನೀರು ಹೊಯ್ದು 5 ಸೆಕೆಂಡಿಗೆ ಬಸಿದು ಕಪ್ಪೆಯ ಮೇಲೆ ಸುರಿಯಿರಿ, ಇದು ಎಲೆ ತೊಳೆಯುವ ನೀರು. ಮೊದಲ ಚಹಾಕ್ಕೆ 15 ಸೆಕೆಂಡು, ಎರಡನೆಯದಕ್ಕೆ 10, ಎಲೆ ಆಗಲೇ ಬಿಚ್ಚಿಕೊಂಡಿರುವುದರಿಂದ ಕಡಿಮೆ. ಮೂರಕ್ಕೆ 15, ಆಮೇಲೆ ಪ್ರತಿ ಸಲ 5ರಿಂದ 10 ಸೆಕೆಂಡು ಹೆಚ್ಚಿಸುತ್ತ ಏಳರವರೆಗೂ ಹೋಗಬಹುದು. ನಾಲ್ಕನೆಯ ಸುತ್ತಿಗೆ ಎಲೆ ಉಬ್ಬಿ ಮುಚ್ಚಳವನ್ನೇ ಎತ್ತಿದರೆ ಹೆಚ್ಚು ಹಾಕಿದ್ದೀರಿ ಎಂದರ್ಥ.

ರುಚಿ ಒಗರಾಯಿತೆಂದು ದೂರುವವರಲ್ಲಿ ಹೆಚ್ಚಿನವರ ತಪ್ಪು ಒಂದೇ: ಪೂರ್ತಿ ಬಸಿಯದೆ ತಳದಲ್ಲಿ ನೀರು ಉಳಿಸಿರುತ್ತಾರೆ. ಮಾತಿಗೆ ಕುಳಿತ ಹತ್ತು ನಿಮಿಷದಲ್ಲಿ ಆ ಎರಡು ಚಮಚ ನೀರು ಕಷಾಯವಾಗಿ ಮುಂದಿನ ಸುತ್ತನ್ನೂ ಕೆಡಿಸುತ್ತದೆ. ಕೊನೆಯ ಹನಿವರೆಗೂ ಬಸಿದು, ಎಲೆ ಬೇಯದಂತೆ ಮುಚ್ಚಳ ಓರೆ ಮಾಡಿಡಿ. ಲೊಂಗ್‌ಜಿಂಗಿಗೆ ಮಾತ್ರ ಲೆಕ್ಕ ಬೇರೆ. 3 ಗ್ರಾಂ, 80ರಿಂದ 85 ಡಿಗ್ರಿ, ತೊಳೆಯುವುದಿಲ್ಲ, ಮುಚ್ಚಳವೂ ಬೇಡ. ಕುದಿ ನೀರನ್ನು ಮೊದಲು ಜಗ್ಗಿಗೆ ಸುರಿದು ಒಂದೆರಡು ನಿಮಿಷ ಬಿಟ್ಟರೆ ಆ ಬಿಸಿಗೆ ಇಳಿಯುತ್ತದೆ. ಮುಚ್ಚಿಟ್ಟರೆ ಸೊಪ್ಪು ಬೆಂದ ಹಾಗೆ ಹಳದಿಯಾಗುತ್ತದೆ.

ಕರಪತ್ರದಲ್ಲಿ ಇಲ್ಲದ್ದು

ಕರಪತ್ರದ ಚಹಾ ಲೋಕ ನಿಶ್ಶಬ್ದ. ಅಲ್ಲಿ ಎಲ್ಲರೂ ಕಣ್ಣು ಅರೆಮುಚ್ಚಿ ಕುಳಿತಿರುತ್ತಾರೆ. ನೈಋತ್ಯ ಚೀನಾದ ಚೆಂಗ್ದು ನಗರದ ಪೀಪಲ್ಸ್ ಪಾರ್ಕಿನ ಟೀ ಅಂಗಳದಲ್ಲಿ ಇದೇ ಗೈವಾನ್ ಹಿಡಿದವರು ಬಿದಿರು ಕುರ್ಚಿಯಲ್ಲಿ ಒರಗಿ ಮಾಝೋಂಗ್ ಎಂಬ ಬಿಲ್ಲೆಯಾಟ ಆಡುತ್ತ, ಸೂರ್ಯಕಾಂತಿ ಬೀಜ ಸಿಪ್ಪೆ ಉಗಿಯುತ್ತ, ಕಿವಿ ಶುಚಿ ಮಾಡುವವನಿಗೆ ಕಿವಿ ಕೊಟ್ಟು ಅರ್ಧ ದಿನ ಕಳೆಯುತ್ತಾರೆ. ಅಲ್ಲಿ ಜಗ್ಗಿಲ್ಲ, ಕಪ್ಪಿಲ್ಲ. ಮುಚ್ಚಳದಿಂದ ಎಲೆ ಸರಿಸಿ ಗೈವಾನಿನಿಂದಲೇ ಕುಡಿಯುವುದು. ಚೀನೀ ಚಹಾಕ್ಕೆ ಹಾಲು ಸಲ್ಲದು ಎಂದು ಕರಪತ್ರ ಹೇಳುತ್ತದೆ. ಒಳ ಮಂಗೋಲಿಯಾದವರು ಇಟ್ಟಿಗೆ ಚಹಾ ಕುಟ್ಟಿ ಹಾಲು, ಉಪ್ಪು ಹಾಕಿ ಕುದಿಸಿ ಕುಡಿಯುವುದು ಅದೇ ದೇಶದ ಒಳಗೇ. ಉಡುಗೊರೆಗೆ ಆರಿಸುವಾಗ ಗದ್ದಲದ್ದು, ಗಡಿನಾಡಿನದ್ದು ಹೊರಗುಳಿದು ಒಂದು ತೆಳುವಾದ, ಗಂಭೀರವಾದ ಚಹಾ ಮಾತ್ರ ಪೆಟ್ಟಿಗೆ ಹತ್ತಿದೆ. ಹಾಗಾಗಿ ಅತಿಥಿಗೆ ಇದು ಮುಟ್ಟಲು ಭಯವಾಗುವ ವಸ್ತು. ತಪ್ಪು ಮಾಡಿದರೆ ಒಂದು ನಾಗರಿಕತೆಗೇ ಅವಮಾನವಾದೀತೇನೋ ಎಂದು ಷೋಕೇಸಿಗೆ ಇಡುತ್ತಾರೆ.

ಕರಪತ್ರಕ್ಕೆ ಹೊಳೆಯದ ನಂಟು ನಮ್ಮ ಬಾಯಲ್ಲೇ ಇದೆ. ಫೂಜಿಯಾನ್ ಕರಾವಳಿಯ 'ತೆ' ಡಚ್ಚರ ಹಡಗು ಹತ್ತಿ ಯುರೋಪಿಗೆ ಹೋಗಿ ಇಂಗ್ಲಿಷಿನ ಮೂಲಕ ಬೆಂಗಳೂರಿನ 'ಟೀ' ಆಯಿತು. ಚೀನಾದ ಉಳಿದೆಡೆಯ 'ಚಾ' ಬೇರೆ ದಾರಿ ಹಿಡಿದು ಧಾರವಾಡದ 'ಚಹಾ' ಆಯಿತು. ಎರಡನ್ನೂ ಇಟ್ಟುಕೊಂಡಿರುವ ಭಾಷೆ ಕನ್ನಡ. ಇಂಥ ಒಂದು ಸಾಲು ಬರೆದಿದ್ದರೆ ಸಾವಿರಾರು ವರ್ಷದ ಹೊಗಳಿಕೆಗಿಂತ ಹೆಚ್ಚು ಹತ್ತಿರವಾಗುತ್ತಿತ್ತು.

ಅತಿ ಪ್ಯಾಕಿಂಗ್ ಬಗ್ಗೆ ಚೀನಾಕ್ಕೇ ಬೇಸರ ಬಂದಿದೆ. 2023ರ ಸೆಪ್ಟೆಂಬರ್ 1ರಿಂದ ಜಾರಿಯಾದ ಅಲ್ಲಿನ ಕಡ್ಡಾಯ ಮಾನದಂಡದಂತೆ ಚಹಾಕ್ಕೆ ನಾಲ್ಕು ಪದರಕ್ಕಿಂತ ಹೆಚ್ಚು ಪ್ಯಾಕಿಂಗ್ ಇರಬಾರದು. ಸ್ಯಾಟಿನ್ನು, ಸ್ಪಂಜು, ರಟ್ಟು, ಡಬ್ಬಿ, ಡಬ್ಬಿಯೊಳಗೆ ಚೀಲ ಎಂದು ಎಣಿಸಿ ನೋಡಿ.

ಹಾಗಾದರೆ ಕೊಳ್ಳಬೇಕೇ? ದುಡ್ಡು ಕೊಟ್ಟು ಇಡೀ ಪೆಟ್ಟಿಗೆ ಬೇಡ. ಅರಳಿದ ಅಂಚಿನ 110 ಮಿಲಿಲೀಟರ್ ಬಿಳಿ ಗೈವಾನ್, ಒಂದು ಗಾಜಿನ ಜಗ್ಗು, ಮೂರು ಕಪ್ಪು ಬಿಡಿಯಾಗಿ ತನ್ನಿ. ಉಳಿದ ದುಡ್ಡನ್ನು ದಿನಾಂಕವಿರುವ 50 ಗ್ರಾಂ ತಿಯೆಗ್ವಾನ್‌ಯಿನ್‌ಗೆ ಹಾಕಿ. ಉಡುಗೊರೆಯಾಗಿ ಬಂದಿದ್ದರೆ ಗೈವಾನನ್ನು ಇವತ್ತೇ ಹೊರಗೆ ತೆಗೆಯಿರಿ. ಯಾರಾದರೂ ನಿಮ್ಮ ಕಪ್ಪಿಗೆ ಸುರಿದಾಗ ತೋರುಬೆರಳು, ನಡುಬೆರಳು ಸೇರಿಸಿ ಮೇಜಿನ ಮೇಲೆ ಎರಡು ಸಲ ತಟ್ಟುವುದು ದಕ್ಷಿಣ ಚೀನಾದ ಕ್ಯಾಂಟನ್ ಕಡೆಯವರ ಧನ್ಯವಾದ, ಬಾಯಲ್ಲಿ ಏನೂ ಹೇಳಬೇಕಿಲ್ಲ. ಖಾಲಿ ಪೆಟ್ಟಿಗೆಯನ್ನು ಎಸೆಯಬೇಡಿ. ಅಳತೆಗೆ ಕೊರೆದ ಆ ಸ್ಪಂಜಿನ ಗುಳಿಗಳಲ್ಲಿ ದಸರಾದ ಸಣ್ಣ ಗೊಂಬೆಗಳು ಮೂಗು ಮುಕ್ಕಾಗದೆ ವರ್ಷವಿಡೀ ಮಲಗುತ್ತವೆ.